ಎಳ್ಳ ಅಮಾವಾಸ್ಯೆಯ ದಿನ ಹಾಕದ ಸಹಿ

ನಮ್ಮ ಆಫೀಸಿನಲ್ಲಿ ವರ್ಷದ ಕೊನೆಯ ರಜೆಯ ಪಟ್ಟಿಯನ್ನು ಅಕ್ಟೋಬರಿನಲ್ಲೇ ಗೋಡೆಗೆ ಅಂಟಿಸುತ್ತಾರೆ. ಉತ್ತರ ಯುರೋಪಿನ ಸಣ್ಣ ಊರೊಂದರ ವಿಶ್ವವಿದ್ಯಾಲಯ ಅದು. ಬೇರೆ ದೇಶಗಳ ಕಾಲೇಜುಗಳಿಂದ ಒಂದು ಸೆಮಿಸ್ಟರ್ ಓದಲು ಬರುವವರ ಅರ್ಜಿ, ಪ್ರವೇಶ ಪತ್ರ, ಹಾಸ್ಟೆಲ್ ಕೋಣೆ, ವಾಸದ ಪರವಾನಗಿ ಇವಿಷ್ಟನ್ನೂ ನೋಡಿಕೊಳ್ಳುವ ವಿನಿಮಯ ಕಚೇರಿಯಲ್ಲಿ ನಾನು ಸಂಯೋಜಕಿ. ನಾನು ಸೇರಿದ ಮೊದಲ ಮೂರು ವರ್ಷವೂ ಆ ಪಟ್ಟಿಯ ಕ್ರಿಸ್ಮಸ್ ವಾರದ ಖಾನೆಯಲ್ಲಿ ನನ್ನ ಹೆಸರನ್ನು ಯಾರೋ ಮೊದಲೇ ಬರೆದಿಟ್ಟಿರುತ್ತಿದ್ದರು. ಕೇಳಿದರೆ, "ನಿನಗೆ ಕ್ರಿಸ್ಮಸ್ ಇಲ್ಲವಲ್ಲ" ಎಂದು ನಗುತ್ತಲೇ ಹೇಳುತ್ತಿದ್ದರು. ಅದು ನಿಜವೇ. ಆದರೆ ನನಗಿರುವ ಹಬ್ಬಗಳು ಯಾವಾಗ ಬರುತ್ತವೆ ಎಂದು ಯಾರೂ ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಮುಂದಿನ ಸೆಮಿಸ್ಟರಿನ ಅರ್ಜಿಗಳ ರಾಶಿ ಬಿದ್ದಿರುತ್ತಿತ್ತು. ಊಟದ ಬಿಡುವಿನಲ್ಲಿ ಫೋನಿನೊಳಗೆ ಮನೆಯ ದೀಪಗಳನ್ನು ನೋಡಿ, ಡಬ್ಬಿಯಲ್ಲಿದ್ದ ಬ್ರೆಡ್ ತಿಂದು ಮತ್ತೆ ಕುರ್ಚಿಗೆ ಮರಳುತ್ತಿದ್ದೆ.

ನಾಲ್ಕನೆಯ ವರ್ಷ ಪಟ್ಟಿ ಗೋಡೆಗೆ ಬರುವ ಮೊದಲೇ ಮುಖ್ಯಸ್ಥೆಯ ಕೋಣೆಗೆ ಹೋದೆ. ಆ ಸಲ ಎಳ್ಳ ಅಮಾವಾಸ್ಯೆ ಕ್ರಿಸ್ಮಸ್ ಆದ ಐದನೇ ದಿನ, ಸೋಮವಾರ ಬಂದಿತ್ತು. ಚಿತ್ತಾಪುರದಿಂದ ಸೇಡಂಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮನೆಮಂದಿ, ನೆಂಟರು ಎಲ್ಲ ಸಜ್ಜಿ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ ಬುಟ್ಟಿಗಳಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೂಜೆ ಮಾಡಿ, ಅಡಿಗೆಯನ್ನು ಬೆಳೆಯ ಸಾಲುಗಳಿಗೆ ಚೆಲ್ಲಿ, ಅಲ್ಲೇ ಕೂತು ಉಂಡು ಬರುವ ದಿನ. ಹಾಗೆ ಚೆಲ್ಲುವುದಕ್ಕೆ ಚರಗ ಎನ್ನುತ್ತೇವೆ. ನಮ್ಮ ಹೊಲವನ್ನು ಸುಣ್ಣದ ಕಲ್ಲಿನ ಗಣಿಗೆ ಬಿಟ್ಟುಕೊಡುವ ಮಾತು ಆ ವರ್ಷ ಮುಗಿದಿತ್ತು. ಅವ್ವ, ಅಣ್ಣ, ನಾನು ಮೂವರೂ ಒಪ್ಪಿಯೇ ಕೊಟ್ಟಿದ್ದೆವು, ಯಾರ ಮೇಲೂ ದೂರಿಲ್ಲ. ತೊಗರಿ ರಾಶಿಯಾಗಿ ಜೋಳ ಕಿತ್ತ ಮೇಲೆ ಆ ಹೊಲ ನಮ್ಮದಲ್ಲ. "ಇದು ಕಡೀ ಚರಗ ಅದ. ಬರೋದಿದ್ರ ಈ ಸಲ ಬಾ" ಎಂದು ಅಣ್ಣ ಫೋನಿನಲ್ಲಿ ಹೇಳಿದ್ದ.

ಮುಖ್ಯಸ್ಥೆ ಕ್ಯಾಲೆಂಡರ್ ನೋಡಿದರು. "ಎರಡು ವಾರ ಹೋಗಿ ಬಾ. ಆದರೆ ತುರ್ತು ಮೇಲ್ ಪೆಟ್ಟಿಗೆಯನ್ನು ನೀನೇ ನೋಡಿಕೊಳ್ಳಬೇಕು. ದಿನಕ್ಕೆ ಒಂದು ಸಲ ತೆರೆದರೆ ಸಾಕು. ಉಳಿದವರಿಗೆಲ್ಲ ಹಬ್ಬ."

"ನನಗೂ ಹಬ್ಬವೇ" ಎಂದೆ.

"ನಿನ್ನದು ಒಂದೇ ದಿನ ಅಲ್ಲವೇ?"

ಒಪ್ಪಿಕೊಂಡೆ. ಒಪ್ಪದಿದ್ದರೆ ರಜೆ ಸಿಗುವುದಿಲ್ಲ ಎಂಬುದು ಆ ಮಾತಿನಲ್ಲೇ ಇತ್ತು.

ಆ ಸೆಮಿಸ್ಟರಿಗೆ ಬರಬೇಕಿದ್ದವರಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳಿದ್ದಳು. ಚಿಂಚೋಳಿ ತಾಲೂಕಿನ ಚಿಮ್ಮನಚೋಡದವಳು, ಬಿ.ಎಸ್ಸಿ. ಕೊನೆಯ ವರ್ಷ, ವಿಷಯ ಭೂವಿಜ್ಞಾನ. ತಾಯಿ ಅಂಗನವಾಡಿ ಶಿಕ್ಷಕಿ, ತಂದೆ ಇಲ್ಲ. ಅವಳ ಕಾಲೇಜಿನೊಂದಿಗೆ ನಮ್ಮ ವಿಶ್ವವಿದ್ಯಾಲಯದ ಒಪ್ಪಂದ ಆಗಲಿ ಎಂದು ಎರಡು ವರ್ಷ ಓಡಾಡಿದವಳು ನಾನೇ. ದೊಡ್ಡ ಊರುಗಳ ದೊಡ್ಡ ಕಾಲೇಜುಗಳಷ್ಟೇ ಏಕೆ, ನಮ್ಮ ಕಡೆಯವರೂ ಬರಲಿ ಎಂದು ಪ್ರತಿ ಸಭೆಯಲ್ಲೂ ಹೇಳುತ್ತಲೇ ಇದ್ದೆ. ಕೊನೆಗೆ ನನ್ನ ಬಾಯಿ ಮುಚ್ಚಿಸುವುದಕ್ಕಾದರೂ ಎಂಬಂತೆ ಒಪ್ಪಿಗೆ ಕೊಟ್ಟಿದ್ದರು. ಆ ಒಪ್ಪಂದದ ಮೇಲೆ ಆಯ್ಕೆಯಾದ ಮೊದಲನೆಯವಳು ಇವಳು.

ಅವಳ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿತ್ತು. ಮನೆತನದ ಹೆಸರಿನ ಖಾನೆ ಖಾಲಿ. ನಮ್ಮ ಕಡೆ ಎಷ್ಟೋ ಜನರ ಪಾಸ್‌ಪೋರ್ಟು ಹಾಗೆಯೇ ಇರುತ್ತದೆ. ಆದರೆ ನಮ್ಮ ಆಫೀಸಿನ ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟಕ್ಕೆ ಹೋಗಲು ಬರುವುದಿಲ್ಲ. ಏನು ಬರೆಯಬೇಕು ಎಂದು ಅವಳು ಸೆಪ್ಟೆಂಬರಿನಲ್ಲಿ ಕೇಳಿದ್ದಳು. ತಂದೆಯ ಹೆಸರು ಬರೆ ಎಂದು ನಾನೇ ಉತ್ತರ ಕೊಟ್ಟಿದ್ದೆ. ಎರಡು ಸಾಲಿನ ಉತ್ತರ. ಬರೆದು ಮರೆತಿದ್ದೆ.

ಊರಿಗೆ ಬಂದು ಎರಡು ದಿನ ಎಲ್ಲವೂ ಚೆನ್ನಾಗಿತ್ತು. ಶುಕ್ರವಾರ ಬೆಳಿಗ್ಗೆ ಅಣ್ಣನ ಹೆಂಡತಿ, ನಮ್ಮ ವೈನಿಯ ಜೊತೆ ಕೂತು ಭಜ್ಜಿಗೆಂದು ಹಸಿ ಅವರೆ ಸುಲಿಯುತ್ತಿದ್ದಾಗ ಆ ಹುಡುಗಿಯ ಫೋನ್ ಬಂತು. ನಾನು ಊರಿಗೆ ಬಂದಿರುವುದು ಅವಳಿಗೆ ಗೊತ್ತಿತ್ತು.

"ಮೇಡಂರಿ, ಪರವಾನಗಿ ಆಫೀಸಿಂದ ಮೇಲ್ ಬಂದದರಿ. ಪ್ರವೇಶ ಪತ್ರದಾಗಿನ ಹೆಸರು ಪಾಸ್‌ಪೋರ್ಟಿಗಿ ಕೂಡಂಗಿಲ್ಲ ಅಂತ. ಸೋಮವಾರದೊಳಗ ಸರಿ ಮಾಡಿದ್ದು ಕಳಸ್ರಿ, ಇಲ್ಲಂದ್ರ ಇದ್ದ ಕಾಗದದ ಮ್ಯಾಲೇ ನಿರ್ಧಾರ ಮಾಡ್ತೀವಿ ಅಂತ ಬರದಾರ."

ಆ ಭಾಷೆಯ ಅರ್ಥ ನನಗೆ ಗೊತ್ತು. ಇದ್ದ ಕಾಗದದ ಮೇಲೆ ನಿರ್ಧಾರ ಎಂದರೆ ತಿರಸ್ಕಾರ. ಸೋಮವಾರ ಅಲ್ಲಿಯ ಮಧ್ಯಾಹ್ನ ಮೂರಕ್ಕೆ, ನಮ್ಮ ಸಂಜೆ ಏಳೂವರೆಗೆ, ಗಡುವು. ಇಡೀ ಯುರೋಪು ಮನೆ ಸೇರಿ ಬಾಗಿಲು ಹಾಕಿಕೊಂಡಿರುವ ವಾರ ಅದು. ಪರವಾನಗಿ ಕಚೇರಿಯ ಯಂತ್ರ ಮಾತ್ರ ರಜೆ ತೆಗೆದುಕೊಂಡಿರಲಿಲ್ಲ, ಅದು ದಿನ ಎಣಿಸುತ್ತಿತ್ತು.

ಹೆಸರು ತಿದ್ದುವುದು ಎರಡು ನಿಮಿಷದ ಕೆಲಸ. ಖಾನೆಯಲ್ಲಿ ಒಂದು ಗೆರೆ ಹಾಕಿ, ಒಳಗಿನ ಟಿಪ್ಪಣಿಯಲ್ಲಿ ಕಾರಣ ಬರೆದರೆ ಆಯಿತು, ಇಂಥದ್ದಕ್ಕೆ ದಾರಿ ಇದೆ ಎಂದು ನನಗೆ ಅಕ್ಟೋಬರಿನಲ್ಲಿ ತಿಳಿದಿತ್ತು, ಅವಳ ಅರ್ಜಿ ಮುಗಿದ ಮೇಲೆ. ಆದರೆ ಆ ವ್ಯವಸ್ಥೆಯೊಳಗೆ ಹೋಗಬೇಕಾದರೆ ನನ್ನ ಅಲ್ಲಿಯ ಸಿಮ್ಮಿಗೆ ಆರು ಅಂಕಿಯ ಕೋಡ್ ಬರಬೇಕು. ಊರಲ್ಲಿ ಆ ಸಿಮ್ಮಿಗೆ ಸಿಗ್ನಲ್ ಇಲ್ಲ. ಮಾಳಿಗೆ ಹತ್ತಿ ನೋಡಿದೆ, ಹನುಮಂತ ದೇವರ ಗುಡಿಯ ಕಟ್ಟೆಗೆ ಹೋಗಿ ನೋಡಿದೆ. ಅಣ್ಣ ಗಾಡಿ ತೆಗೆದ. ಚಿತ್ತಾಪುರ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಡ್ಡಿ ಬಂದು ಹೋಯಿತು. ಕೊನೆಗೆ ವಾಡಿ ಜಂಕ್ಷನ್ನಿನ ಮೇಲ್ಸೇತುವೆಯ ನಡುವೆ ನಿಂತಾಗ ಫೋನು ಗುಂಯ್ ಎಂದಿತು. ಆರು ಅಂಕಿ ಬಂದವು. ಸೇತುವೆಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತೆ. ಕೆಳಗೆ ಸಿಮೆಂಟಿನ ವ್ಯಾಗನ್ನುಗಳು ಒಂದೊಂದಾಗಿ ಸರಿಯುತ್ತಿದ್ದವು, ಹೋಗಿಬರುವವರು ನನ್ನನ್ನು ದಾಟಿಕೊಂಡು ಹೋಗುತ್ತಿದ್ದರು.

ಹೆಸರು ತಿದ್ದಿದೆ. ಹೊಸ ಪ್ರವೇಶ ಪತ್ರ ತಯಾರಾಯಿತು. ಮೇಲೆ ಅಡ್ಡಲಾಗಿ 'ಕರಡು' ಎಂಬ ಬೂದು ಅಕ್ಷರ. ಮುಖ್ಯಸ್ಥೆ ಒಪ್ಪಿಗೆ ಕೊಟ್ಟು ಸಹಿಯಾಗುವವರೆಗೆ ಅದು ಹೋಗುವುದಿಲ್ಲ.

ಅವರಿಗೆ ಫೋನ್ ಮಾಡಿದೆ, ಬಂದ್ ಇತ್ತು. ಪ್ರತಿ ವರ್ಷ ಕ್ರಿಸ್ಮಸ್ಸಿಗೆ ಅವರು ಗುಡ್ಡದ ಮೇಲಿನ ಮರದ ಮನೆಗೆ ಹೋಗುತ್ತಾರೆ, ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ. ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುವುದನ್ನು ನಾನೇ ಕೇಳಿದ್ದೆ. ಮೇಲ್ ಬರೆದೆ. ಏಳನೇ ತಾರೀಕಿಗೆ ಉತ್ತರಿಸುತ್ತೇನೆ ಎಂಬ ತಯಾರಾದ ಉತ್ತರ ಬಂತು, ಕೊನೆಯಲ್ಲಿ ಒಂದು ಕ್ರಿಸ್ಮಸ್ ಮರದ ಚಿತ್ರ. ಉಪಮುಖ್ಯಸ್ಥರು ಒಂದು ತಾಸಿನಲ್ಲಿ ಉತ್ತರ ಕೊಟ್ಟರು: "ಪ್ರವೇಶ ಪತ್ರಕ್ಕೆ ಸಹಿ ಮಾಡುವ ಅಧಿಕಾರ ನನಗಿಲ್ಲ. ಕ್ಷಮಿಸು. ನಿನಗೆ ಒಳ್ಳೆಯ ರಜೆ ಸಿಗಲಿ." ವಿಶ್ವವಿದ್ಯಾಲಯದ ತುರ್ತು ಸಂಖ್ಯೆಗೆ ಮಾಡಿದಾಗ ಕಾವಲಿನವನು ಎತ್ತಿದ. ಎಲ್ಲ ಹೇಳಿದೆ. ತಾಳ್ಮೆಯಿಂದ ಕೇಳಿ, "ಯಾರ ಜೀವಕ್ಕಾದರೂ ಅಪಾಯ ಇದೆಯೇ?" ಎಂದ. ಇಲ್ಲ ಎಂದೆ. "ಹಾಗಾದರೆ ಇದು ತುರ್ತು ಅಲ್ಲ" ಎಂದು ಇಟ್ಟ. ಪರವಾನಗಿ ಕಚೇರಿಗೆ ಗಡುವು ವಿಸ್ತರಿಸಿ ಎಂದು ಬರೆದೆ. ನಿಮ್ಮ ಪತ್ರ ತಲುಪಿದೆ ಎಂಬ ಉತ್ತರ ಬಂತು, ಅಷ್ಟೇ.

ಗಾಡಿಯ ಹತ್ತಿರ ಅಣ್ಣ ಎರಡು ಚಹಾ ಕುಡಿದು ಕಾಯುತ್ತಿದ್ದ. "ಆತೇನ?" ಎಂದ.

"ಇಲ್ಲ."

"ನೀ ಹಬ್ಬಕ್ಕ ಬಂದೀಯೋ, ಡ್ಯೂಟಿಗಿ ಬಂದೀಯೋ?"

ಅವನು ಸಿಟ್ಟಿನಿಂದ ಕೇಳಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಶನಿವಾರ ಹುಡುಗಿಯನ್ನೂ ತಾಯಿಯನ್ನೂ ಚಿತ್ತಾಪುರಕ್ಕೆ ಕರೆಸಿದೆ. ಎರಡೂ ಹೆಸರು ಒಬ್ಬಳದೇ ಎಂದು ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿಟ್ಟರೆ ಯಾವುದಕ್ಕಾದರೂ ಆದೀತು ಎಂಬ ಲೆಕ್ಕ. ಚಿಮ್ಮನಚೋಡದಿಂದ ಚಿಂಚೋಳಿಗೆ, ಅಲ್ಲಿಂದ ಸೇಡಂಗೆ, ಸೇಡಂನಿಂದ ಚಿತ್ತಾಪುರಕ್ಕೆ ಮೂರು ಬಸ್ಸು ಬದಲಿಸಿ ಬಂದಿದ್ದರು. ಹುಡುಗಿಯನ್ನು ನಾನು ಎದುರಿಗೆ ನೋಡಿದ್ದು ಅದೇ ಮೊದಲು. ಎತ್ತರದ, ಕಡಿಮೆ ಮಾತಿನ ಹುಡುಗಿ. ಎಲ್ಲ ಕಾಗದಗಳನ್ನೂ ಪ್ಲಾಸ್ಟಿಕ್ ಹಾಳೆಗಳಲ್ಲಿ ಕ್ರಮವಾಗಿ ಜೋಡಿಸಿಕೊಂಡು ಬಂದಿದ್ದಳು. ತಾಯಿ ನನ್ನ ಕೈ ಹಿಡಿದುಕೊಂಡು, "ನಮ್ಮ ಕಡೀಯವರು ಅಲ್ಲಿ ಕುಂತೀರಿ ಅಂತ ಧೈರ್ಯ ಅದರಿ ನಮಗ" ಎಂದರು. ತಪ್ಪು ಎಲ್ಲಿ ಆಯಿತು ಎಂದು ಅವರು ಕೇಳಲಿಲ್ಲ. ನಾನೇ ಹೇಳಿದೆ. ತಂದೆಯ ಹೆಸರು ಬರೆ ಎಂದವಳು ನಾನು ಎಂದೆ. ತಾಯಿ, "ಅಪ್ಪನ ಹೆಸರು ಬರಿ ಅಂದಿದ್ದರಾಗ ಏನ್ ತಪ್ಪದರಿ" ಎಂದರು.

ನೋಟರಿ ವಕೀಲರು ಹಬ್ಬದ ಸಂತೆಗೆ ಹೋಗಿದ್ದರು. ಅವರ ಮನೆಯ ಮುಂದಿನ ಫರಸಿ ಕಟ್ಟೆಯ ಮೇಲೆ ಎರಡು ತಾಸು ಕಾದು, ಬಾಂಡ್ ಪೇಪರಿನ ಮೇಲೆ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ, ಸಿಕ್ಕಾ ಹೊಡೆಸಿಕೊಂಡೆವು. ತಾಯಿ ಮಗಳು ಶಹಾಬಾದಿನಲ್ಲಿ ಸೋದರಮಾವನ ಮನೆಯಲ್ಲಿ ಉಳಿದರು. ಸೋಮವಾರ ಬೆಳಿಗ್ಗೆ ವಾಡಿ ಸ್ಟೇಷನ್ನಿನಲ್ಲಿ ಸೇರುವುದು ಎಂದಾಯಿತು. ಮುಖ್ಯಸ್ಥೆ ಒಂದು ವೇಳೆ ಮೇಲ್ ನೋಡಿ ಒಪ್ಪಿಗೆ ಕೊಟ್ಟರೆ, ತಕ್ಷಣ ಒಳಗೆ ಹೋಗಿ ಪತ್ರ ತೆಗೆದು ಕಳಿಸಬೇಕಲ್ಲ. ಇಪ್ಪತ್ತು ನಿಮಿಷ ಸುಮ್ಮನಿದ್ದರೆ ವ್ಯವಸ್ಥೆ ನಮ್ಮನ್ನು ಹೊರಗೆ ಹಾಕುತ್ತದೆ, ಮತ್ತೆ ಕೋಡ್ ಬೇಕು. ಸಿಗ್ನಲ್ ಇರುವ ಕಡೆಯೇ ಕೂತಿರಬೇಕು.

ಭಾನುವಾರ ಇಡೀ ದಿನ ಯಾವ ಉತ್ತರವೂ ಬರಲಿಲ್ಲ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು, ಎಳ್ಳು ಹುರಿದ ವಾಸನೆ, ಕಲಬುರಗಿಯಿಂದ ಬಂದ ಚಿಕ್ಕಮ್ಮಂದಿರ ಮಾತು. ನಾನು ಅವರ ನಡುವೆ ಕೂತು ಪ್ರತಿ ಐದು ನಿಮಿಷಕ್ಕೊಮ್ಮೆ ಫೋನ್ ತಿರುವಿ ನೋಡುತ್ತಿದ್ದೆ. ಅವ್ವ ಒಂದು ಸಲ ಅದನ್ನು ಕೈಯಿಂದ ತೆಗೆದುಕೊಂಡು ಗೋಡೆಯ ಮಾಡದಲ್ಲಿಟ್ಟಳು. ಸ್ವಲ್ಪ ಹೊತ್ತಿಗೆ ನಾನು ಎದ್ದು ಹೋಗಿ ಮತ್ತೆ ತೆಗೆದುಕೊಂಡೆ. ಅವ್ವ ನೋಡಿಯೂ ನೋಡದ ಹಾಗೆ ಹಿಟ್ಟು ನಾದಿದಳು.

ಅಮಾವಾಸ್ಯೆಯ ಬೆಳಿಗ್ಗೆ, ಎಲ್ಲರೂ ಟ್ರ್ಯಾಕ್ಟರಿಗೆ ಬುಟ್ಟಿ ಏರಿಸುತ್ತಿದ್ದಾಗ, ನಾನು ವಾಡಿಗೆ ಹೋಗಿ ಬರುತ್ತೇನೆ ಎಂದೆ.

"ಇವತ್ತ?" ಎಂದಳು ಅವ್ವ.

"ಹನ್ನೆರಡಕ್ಕ ಬರ್ತೀನವ್ವ. ಚರಗ ಚೆಲ್ಲೋದ್ರಾಗ ಬರ್ತೀನಿ."

"ನಿಂದು ನೀ ನೋಡ್ಕೋ. ಹೊತ್ತು ಮೀರಸಾಕ ಬರಂಗಿಲ್ಲ."

ಹಬ್ಬದ ದಿನ ಬಸ್ಸು ಸಿಗಲಿಲ್ಲ, ಅಣ್ಣನ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ದಾರಿಯ ಎರಡೂ ಕಡೆ ಜನ ಹೊಲಗಳಿಗೆ ಹೊರಟಿದ್ದರು. ಎಲ್ಲರೂ ಒಂದು ದಿಕ್ಕಿಗೆ, ನಾನು ಎದುರು ದಿಕ್ಕಿಗೆ.

ಹುಡುಗಿ ಮತ್ತು ತಾಯಿ ಪ್ಲಾಟ್‌ಫಾರ್ಮಿನ ಕಲ್ಲಿನ ಬೆಂಚಿನಲ್ಲಿ ಕೂತಿದ್ದರು. ಅವರ ಊರಿನವರೂ ಅಂದು ಹೊಲಕ್ಕೆ ಹೋಗುವವರೇ. ಸೇತುವೆಯ ಮೇಲೆ ಹೋಗಿ ಕೋಡ್ ತಂದುಕೊಂಡು ಕೆಳಗೆ ಬೆಂಚಿಗೆ ಬಂದು ಕೂತೆ. ಮೇಲ್ ಪೆಟ್ಟಿಗೆಯಲ್ಲಿ ಏನೂ ಇಲ್ಲ. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಹತ್ತು ಗಂಟೆ, ಹನ್ನೊಂದು ಗಂಟೆ. ಹನ್ನೆರಡಕ್ಕೆ ಅಣ್ಣ ಫೋನ್ ಮಾಡಿದ, "ಬರಾಕತ್ತೀಯೋ ಇಲ್ಲೋ?" ಎಂದ. ಇನ್ನೊಂದು ತಾಸು ನೋಡುತ್ತೇನೆ ಎಂದೆ. ಅಲ್ಲಿ ಆಗ ಬೆಳಿಗ್ಗೆ ಏಳೂವರೆ. ಯಾರಾದರೂ ಎದ್ದು ಕಾಫಿ ಕುಡಿಯುತ್ತ ಒಂದು ಸಲ ಮೇಲ್ ತೆರೆಯಬಾರದೇ ಎಂಬ ಆಸೆ. ಅಣ್ಣ ಫೋನ್ ಇಟ್ಟ.

ಎರಡು ಗಂಟೆಗೆ ಮತ್ತೊಮ್ಮೆ ವ್ಯವಸ್ಥೆಯೊಳಗೆ ಹೋಗಿ, ಆಫೀಸಿನ ಫೋಲ್ಡರಿನಲ್ಲಿ ಪತ್ರದ ನಮೂನೆ ಹುಡುಕುತ್ತಿದ್ದೆ. ಹುಡುಗಿ ಪಕ್ಕದಿಂದ ಪರದೆ ನೋಡುತ್ತಿದ್ದಳು. ಒಂದು ಚಿತ್ರದ ಮೇಲೆ ಅವಳ ಕಣ್ಣು ನಿಂತಿತು.

"ಮೇಡಂರಿ, ಇದು ಅವ್ರ ಸಹಿ ಅಲ್ರಿ?"

ಹೌದು. ಮುಖ್ಯಸ್ಥೆಯ ಸಹಿಯ ಚಿತ್ರ, ಪಕ್ಕದಲ್ಲಿ ವಿಶ್ವವಿದ್ಯಾಲಯದ ಮುದ್ರೆ. ನಮೂನೆಯಲ್ಲಿ ತಂದಿಟ್ಟರೆ ಮುಗಿಯಿತು, 'ಕರಡು' ಎಂಬ ಅಕ್ಷರವಿಲ್ಲದ ಪತ್ರ ತಯಾರು. ಅವರು ಆಫೀಸಿನಲ್ಲಿದ್ದಾಗ ದಿನಕ್ಕೆ ಹತ್ತು ಸಲ, ಅವರ ಒಪ್ಪಿಗೆಯ ಮೇಲ್ ಬಂದ ಮೇಲೆ, ನಾನೇ ಆ ಕೆಲಸ ಮಾಡುತ್ತೇನೆ.

ಸೇರಿದ ಮೊದಲ ವರ್ಷ ಒಂದು ಸಲ ಒಪ್ಪಿಗೆ ಬರುವ ಮೊದಲೇ ಮಾಡಿದ್ದೆ. ಅವರು ಸಭೆಯಲ್ಲಿದ್ದರು, ವಿದ್ಯಾರ್ಥಿ ಎದುರಿಗೆ ನಿಂತಿದ್ದ, ಅವಸರದಲ್ಲಿ ಪತ್ರದಲ್ಲಿ ಸೆಮಿಸ್ಟರಿನ ತಾರೀಕು ತಪ್ಪಾಗಿ ಬಿತ್ತು. ಮರುದಿನವೇ ಸರಿ ಮಾಡಿದೆವು. ಆದರೂ ನನಗೊಂದು ಲಿಖಿತ ಎಚ್ಚರಿಕೆ ಬಂತು: ಲಿಖಿತ ಒಪ್ಪಿಗೆ ಇಲ್ಲದೆ ಸಹಿ ಬಳಸುವುದು ನಂಬಿಕೆ ದ್ರೋಹ, ಮತ್ತೆ ನಡೆದರೆ ಕರಾರು ರದ್ದು. ಅದರ ಪ್ರತಿ ನನ್ನ ಕಡತದಲ್ಲಿತ್ತು. ನನ್ನ ಕರಾರು ವರ್ಷ ವರ್ಷಕ್ಕೆ ಮುಂದುವರಿಯುವಂಥದ್ದು, ಆ ದೇಶದಲ್ಲಿ ನಾನು ಇರುವ ಪರವಾನಗಿಯೂ ಆ ಕರಾರಿಗೇ ಗಂಟು ಬಿದ್ದಿದೆ.

ಇದನ್ನು ಹುಡುಗಿಗೆ ಹೇಳಿದೆ. ಇಷ್ಟೇ ಮಾತಿನಲ್ಲಿ ಹೇಳಿದೆ.

ತಾಯಿ ಮೊದಲು ಮಾತಾಡಿದರು. "ಬ್ಯಾಡ್ರಿ. ನಿಮ್ಮ ನೌಕರಿಗಿ ಧಕ್ಕಿ ಬರೋದು ಬ್ಯಾಡ. ಒಬ್ಬರ ಅನ್ನ ಕಸದು ನಮ್ಮ ಹುಡುಗಿ ಓದೋದು ನಮಗ ಛಲೋ ಅನಸಂಗಿಲ್ಲ."

ಹುಡುಗಿ ಬೇಡಿಕೊಂಡಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬೇಡಿಕೊಳ್ಳಲಿಲ್ಲ. ಪರದೆಯ ಕಡೆಯಿಂದ ಕಣ್ಣು ತೆಗೆದು ಹಳಿಗಳ ಕಡೆ ನೋಡುತ್ತ ಕೂತಳು.

ನನ್ನ ಬೆರಳು ಆ ಚಿತ್ರದ ಮೇಲೆ ಬಹಳ ಹೊತ್ತು ಇತ್ತು. ಬಾಡಿಗೆ ಮನೆ, ನಾಲ್ಕು ವರ್ಷ, ಕಡತದ ಆ ಹಾಳೆ ಎಲ್ಲ ನೆನಪಾದವು. ಮನಸ್ಸಿಗೆ ಒಂದು ಸಮಾಧಾನವನ್ನೂ ಕೊಟ್ಟುಕೊಂಡೆ: ಖೊಟ್ಟಿ ಸಹಿಯ ಪತ್ರ ಎಂದು ಗೊತ್ತಾದರೆ ಹುಡುಗಿಗೇ ಮುಂದೆ ತೊಂದರೆ. ಅದು ಸುಳ್ಳಲ್ಲ. ಆದರೆ ನಾನು ಹೆದರಿದ್ದು ಅವಳಿಗಾಗಿ ಅಲ್ಲ.

ಫೋಲ್ಡರ್ ಮುಚ್ಚಿದೆ. ಬದಲಿಗೆ ನನ್ನದೇ ಹೆಸರಿನಲ್ಲಿ ಒಂದು ಪತ್ರ ಬರೆದೆ. ನಾನು ಈ ಕಚೇರಿಯ ಸಂಯೋಜಕಿ, ಎರಡೂ ಹೆಸರು ಒಬ್ಬಳೇ ವಿದ್ಯಾರ್ಥಿನಿಯದು, ತಪ್ಪು ನಮ್ಮ ಕಡೆಯದು, ಅಧಿಕೃತ ಪತ್ರ ಕಚೇರಿ ತೆರೆದ ದಿನವೇ ಕಳಿಸುತ್ತೇವೆ ಎಂದು. ನನ್ನ ಸಹಿ ಹಾಕಿ, ಅಫಿಡವಿಟ್, ಪಾಸ್‌ಪೋರ್ಟಿನ ಪ್ರತಿ ಎಲ್ಲ ಸೇರಿಸಿದೆ. ಹುಡುಗಿ ತನ್ನ ಖಾತೆಯಿಂದ ಅದನ್ನು ಏರಿಸಿದಳು. ಏರಿತು ಎಂಬ ಹಸಿರು ಗುರುತು ಬಂತು. ನಾಲ್ಕು ಗಂಟೆಯಾಗಿತ್ತು. ತಾಯಿ ಚೀಲದಿಂದ ಗಂಟು ಬಿಚ್ಚಿ ನನಗೊಂದು ಹೋಳಿಗೆ ಕೊಟ್ಟರು. ಶಹಾಬಾದಿನಲ್ಲಿ ಹುಡುಗಿಯ ಸೋದರಮಾವನ ಮನೆಯಲ್ಲಿ ಬೆಳಿಗ್ಗೆ ಕಟ್ಟಿಕೊಟ್ಟಿದ್ದಂತೆ. ಆ ವರ್ಷದ ಎಳ್ಳ ಅಮಾವಾಸ್ಯೆಯ ಊಟ ನನಗೆ ಅದೇ.

ಹೊಲಕ್ಕೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಟ್ರ್ಯಾಕ್ಟರು ಹೋಗಿಯಾಗಿತ್ತು. ಬನ್ನಿ ಗಿಡದ ಕೆಳಗೆ ಪೂಜೆಯ ಐದು ಕಲ್ಲು, ಕುಂಕುಮ, ಒಡೆದ ಕಾಯಿಯ ನೀರಿನ ಕಲೆ. ಜೋಳದ ಸಾಲುಗಳಲ್ಲಿ ಭಜ್ಜಿ, ಅನ್ನ ಚೆಲ್ಲಿದ್ದು ಒಣಗುತ್ತಿತ್ತು. ಹಕ್ಕಿಗಳು ಇಳಿದಿದ್ದವು. ಅಣ್ಣ ಒಬ್ಬನೇ ಬದುವಿನ ಮೇಲೆ ಕೂತಿದ್ದ, ನನಗಾಗಿ ಉಳಿದಿದ್ದನೋ ಹೊಲಕ್ಕಾಗಿ ಉಳಿದಿದ್ದನೋ ಕೇಳಲಿಲ್ಲ.

"ಅವ್ವ ಎರಡರ ತನಕ ಕಾದಳು. ಆಮ್ಯಾಲ ಚೆಲ್ಲು ಅಂದಳು" ಎಂದ. ಎದ್ದು ಮಣ್ಣು ಕೊಡವಿಕೊಂಡು, "ಆ ಹುಡುಗೀದು ಆತೇನ?" ಎಂದು ಕೇಳಿದ.

"ಗೊತ್ತಿಲ್ಲ" ಎಂದೆ.

ಗೊತ್ತಾಗಲು ಹನ್ನೊಂದು ದಿನ ಬೇಕಾಯಿತು. ಏಳನೇ ತಾರೀಕು ಆಫೀಸು ತೆರೆಯಿತು. ಮುಖ್ಯಸ್ಥೆ ಗುಡ್ಡದ ಚಳಿಗಾಳಿಗೆ ಕೆನ್ನೆ ಕೆಂಪಾಗಿ, ಖುಷಿಯಾಗಿ ಬಂದಿದ್ದರು. ಕೋಟು ತೆಗೆಯುವ ಮೊದಲೇ ಅವರ ಮುಂದೆ ನಿಂತು ನಡೆದದ್ದನ್ನು ಹೇಳಿದೆ. ಅವರು ಕರಡು ಪತ್ರ ಓದಿ, ಅರ್ಧ ನಿಮಿಷದಲ್ಲಿ ಒಪ್ಪಿಗೆ ಒತ್ತಿದರು. ಆಮೇಲೆ ಕತ್ತೆತ್ತಿ ನಿಜವಾದ ಆಶ್ಚರ್ಯದಿಂದ ಕೇಳಿದರು:

"ನನ್ನ ಸಹಿ ಅಲ್ಲೇ ಇತ್ತಲ್ಲ. ಯಾಕೆ ಹಾಕಲಿಲ್ಲ? ಇಂಥ ಸಂದರ್ಭಕ್ಕೆ ನಾನು ಬೇಡ ಎನ್ನುತ್ತಿದ್ದೆನೇ?"

"ಎಚ್ಚರಿಕೆಯ ಪತ್ರ ಕೊಟ್ಟಿದ್ದಿರಿ."

"ಯಾವುದು?"

ಹೇಳಿದೆ. ಅವರು ನೆನಪು ಮಾಡಿಕೊಳ್ಳಲು ನೋಡಿದರು. "ಓ, ಅದು ಬೇರೆ. ಅದನ್ನು ನೀನು ಇಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದೀಯಾ?" ಎಂದರು. ದಯೆಯಿಂದಲೇ ಹೇಳಿದರು. ಅವರು ಕೆಟ್ಟವರಲ್ಲ, ಅದೇ ನನಗೆ ಇವತ್ತಿಗೂ ನುಂಗಲು ಬಾರದ ಸಂಗತಿ. ಇಷ್ಟು ವರ್ಷ ನಾನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದ ಒಂದು ಹಾಳೆ ಅವರಿಗೆ ನೆನಪೇ ಇರಲಿಲ್ಲ.

ಮೂರು ದಿನದ ನಂತರ ತಿರಸ್ಕಾರ ಬಂತು. ಸಂಯೋಜಕಿಯ ಪತ್ರ ಅಧಿಕೃತ ಪ್ರವೇಶ ಪತ್ರವಲ್ಲ, ಅಧಿಕೃತ ಪತ್ರ ಗಡುವಿನ ನಂತರ ಬಂದಿದೆ. ಮೇಲ್ಮನವಿ ಹಾಕಬಹುದಿತ್ತು, ಉತ್ತರ ಬರುವಷ್ಟರಲ್ಲಿ ಸೆಮಿಸ್ಟರ್ ಅರ್ಧ ಮುಗಿದಿರುತ್ತಿತ್ತು. ಮುಂದಿನ ಸೆಮಿಸ್ಟರಿಗೆ ಹೆಸರು ಹಾಕೋಣ ಎಂದರು ಮುಖ್ಯಸ್ಥೆ. ಅಷ್ಟರಲ್ಲಿ ಅವಳ ಡಿಗ್ರಿ ಮುಗಿದಿರುತ್ತದೆ, ವಿನಿಮಯಕ್ಕೆ ಅರ್ಹಳಲ್ಲ ಎಂದೆ. "ಅಯ್ಯೋ ಪಾಪ" ಎಂದರು. ಹುಡುಗಿಗೆ ಹಂಚಿದ್ದ ಕೋಣೆಯನ್ನು ಕಾಯುವ ಪಟ್ಟಿಯಲ್ಲಿದ್ದ ಬೇರೊಬ್ಬರಿಗೆ ನಾನೇ ಬದಲಿಸಿ ಬರೆದೆ. ಅದೂ ನನ್ನ ಕೆಲಸವೇ.

ಹುಡುಗಿಗೆ ಫೋನ್ ಮಾಡಿ ವಿಷಯ ಹೇಳಿದಾಗ ಅವಳು, "ಗೊತ್ತಾತ್ರಿ ಮೇಡಂ, ಮೇಲ್ ನೋಡೀನಿ" ಎಂದಳು. ಹಿಂದಿನಿಂದ ತಾಯಿ, ಮೇಡಂಗೆ ಊಟ ಆಯಿತೇ ಕೇಳು ಎನ್ನುವುದು ಕೇಳಿಸಿತು.

ಮುಂದಿನ ಅಕ್ಟೋಬರಿನಲ್ಲಿ ಆ ಕಾಲೇಜಿನಿಂದ ಹೆಸರುಗಳು ಬರಬೇಕಿತ್ತು, ಬರಲಿಲ್ಲ. ಅಲ್ಲಿಯ ಪ್ರಾಧ್ಯಾಪಕರಿಗೆ ಫೋನ್ ಮಾಡಿದೆ.

"ಯಾರೂ ಮುಂದ ಬರವಲ್ಲರ್ರಿ" ಎಂದರು ಅವರು. "ಪಾಸ್‌ಪೋರ್ಟ್ ಮಾಡಸೋದು, ಓಡಾಡೋದು, ಕಡೀಕಿ ಆಗಂಗಿಲ್ಲ ಅಂತ ತಂದಿ ತಾಯಿ ಅಂತಾರ."

"ಆ ಹುಡುಗಿ ಏನರ ಬ್ಯಾಡ ಅಂತ ಹೇಳ್ಯಾಳೇನ್ರಿ?"

"ಇಲ್ಲರ್ರಿ. ಆಕೀನೇ ಕಾಲೇಜಿಗಿ ಬಂದು ಎಲ್ಲಾರಿಗೂ ಹಾಕ್ರಿ ಹಾಕ್ರಿ ಅಂತ ಹೇಳಿ ಹೋಗ್ಯಾಳ. ಮಂದಿ ಕೇಳಬೇಕಲ್ಲರಿ."

ಅದನ್ನು ಕೇಳಿದ ಮೇಲೆ ತಡೆಯಲಾಗಲಿಲ್ಲ. ಹುಡುಗಿಗೆ ಫೋನ್ ಮಾಡಿದೆ. ಚಿಂಚೋಳಿಯ ಒಂದು ಟ್ಯುಟೋರಿಯಲ್ಲಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದಾಳಂತೆ. ಮುಂದಿನ ವರ್ಷ ಎಂ.ಎಸ್ಸಿ.ಗೆ ನೋಡುತ್ತೇನೆ ಎಂದಳು. ದನಿ ಚೆನ್ನಾಗಿತ್ತು, ಮೊದಲಿಗಿಂತ ಹೆಚ್ಚು ಮಾತಾಡಿದಳು. ತನಗೆ ಬೇಸರವಿಲ್ಲ ಎಂದು ಅವಳೇ ಹೇಳಿದಳು. "ಅವತ್ತು ನೀವು ಸಹಿ ಹಾಕಿದ್ರ ನಿಮ್ಮ ನೌಕರಿ ಹೋಗ್ತಿತ್ತಲ್ರಿ. ನಮ್ಮವ್ವ ಈಗೂ ಅಂತಾಳ, ನಾವು ಬರೋಬ್ಬರಿ ಮಾಡಿದಿವಿ ಅಂತ."

ಅಲ್ಲಿಗೆ ಸುಮ್ಮನಾಗಬೇಕಿತ್ತು. ಹತ್ತು ತಿಂಗಳಿಂದ ಎದೆಯಲ್ಲಿ ಇಟ್ಟುಕೊಂಡಿದ್ದನ್ನು ಯಾರಿಗಾದರೂ ಹೇಳಿ ಹಗುರಾಗಬೇಕು ಎನಿಸಿತ್ತು. ಹೇಳಬೇಕಾದವಳು ಅವಳೇ ಎಂದೂ ಅನಿಸಿತು.

"ಹೋಗ್ತಿದ್ದಿಲ್ಲ" ಎಂದೆ. "ಆಮ್ಯಾಲ ಗೊತ್ತಾತು. ಅವರೇ ಕೇಳಿದರು, ಯಾಕ ಹಾಕಲಿಲ್ಲ ಅಂತ."

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಯಾರೋ ಅವಳನ್ನು ಟೀಚರ್ ಎಂದು ಕರೆದರು. ನಾನು ಕ್ಷಮಿಸು ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳ ದನಿ ಬಂತು, ಮೆಲ್ಲಗೆ, ಗೌರವ ಎಳ್ಳಷ್ಟೂ ಕಡಿಮೆಯಾಗದೆ.

"ಇದು ನನಗ ಹೇಳಬಾರದಿತ್ರಿ ಮೇಡಂ ನೀವು."